ಪ್ರೀಮಿಯರ್ ಪದ್ಮಿನಿ ಕಾರಿನ ಬಾಡಿಯಲ್ಲಿ ಹಿಡಿದ ತುಕ್ಕು: ತಗಡು ಕತ್ತರಿಸಿ ದುರಸ್ತಿ ಮಾಡುವ ಸಮಗ್ರ ಮಾರ್ಗದರ್ಶಿ

ಹಳೆಯ ಪದ್ಮಿನಿಯ ಬಾಗಿಲಿನ ಕೆಳ ಅಂಚಿನಲ್ಲೋ ಹಿಂದಿನ ಚಕ್ರದ ಕಮಾನಿನಲ್ಲೋ ಪೇಂಟಿನಡಿ ಕಡಲೆಕಾಳಿನಷ್ಟು ಗುಳ್ಳೆ ಎದ್ದಿದ್ದರೆ, ತುಕ್ಕು ಈಗಷ್ಟೇ ಶುರುವಾಗಿದೆ ಎಂದು ಮಾಲೀಕರು ಸಮಾಧಾನ ಪಟ್ಟುಕೊಳ್ಳುವುದುಂಟು. ಸಾಮಾನ್ಯವಾಗಿ ಆ ತುಕ್ಕು ತಗಡಿನ ಒಳಮೈಯಲ್ಲಿ ವರ್ಷಗಳ ಹಿಂದೆಯೇ ಶುರುವಾಗಿ, ತಗಡನ್ನು ತಿನ್ನುತ್ತ ಬಂದು, ಕೊನೆಗೆ ಹೊರಮೈಯನ್ನು ಮುಟ್ಟಿರುತ್ತದೆ. ಕಬ್ಬಿಣವು ನೀರು ಮತ್ತು ಆಮ್ಲಜನಕದೊಂದಿಗೆ ಸೇರಿ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಪೇಂಟು ಮೇಲೆದ್ದು ಗುಳ್ಳೆಯಾಗುತ್ತದೆ. ಅಲ್ಯೂಮಿನಿಯಂ ಮೇಲೆ ಕೂರುವ ಆಕ್ಸೈಡ್ ಪದರ ಅಡಿಯ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸೂಕ್ಷ್ಮ ರಂಧ್ರಗಳಿಂದ ತುಂಬಿದ್ದು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ಒಮ್ಮೆ ಹಿಡಿದ ಮೇಲೆ ತಾನಾಗಿ ನಿಲ್ಲುವುದಿಲ್ಲ. ಗುಳ್ಳೆಯನ್ನು ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಸಿದ ಕಾರಿನಲ್ಲಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ.

ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಿಸಿದ ಕಾರೇ 1970ರ ದಶಕದಲ್ಲಿ ಮೊದಲು ಪ್ರೆಸಿಡೆಂಟ್, ಆನಂತರ ಪದ್ಮಿನಿ ಎಂಬ ಹೆಸರು ಪಡೆಯಿತು. ಇದಕ್ಕೆ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ಫ್ಲೋರ್, ಬಾಗಿಲಿನಡಿಯ ರನ್ನಿಂಗ್ ಬೋರ್ಡ್, ಛಾವಣಿ ಹೊರುವ ಪಿಲ್ಲರ್, ಛಾವಣಿ ಎಲ್ಲವೂ ಒಂದಕ್ಕೊಂದು ವೆಲ್ಡ್ ಆಗಿ ಸೇರಿದ ಮಾನೊಕಾಕ್ ಬಾಡಿಯೇ ಕಾರಿನ ಭಾರವನ್ನೆಲ್ಲ ಹೊರುತ್ತದೆ. ಅಂಬಾಸಿಡರ್ ಕೂಡ ಇದೇ ಬಗೆಯದು. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಮಾತ್ರ ಪ್ರತ್ಯೇಕ ಚಾಸಿ ಇದೆ. ಆದ್ದರಿಂದ ಪದ್ಮಿನಿಯಲ್ಲಿ ಬಾಗಿಲಿನಡಿಯ ತಗಡು ಕೊಳೆಯಿತೆಂದರೆ ಅಂದ ಕೆಡುವುದರ ಜೊತೆಗೆ ಕಾರಿನ ಬಲವೇ ಕುಂದುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಬೇಕು. ಕೆಲಸದ ಕ್ರಮ ಹೀಗೆ: ಮೊದಲು ನೀರಿನ ದಾರಿ ಹುಡುಕುವುದು, ಆಮೇಲೆ ಭಾರ ಹೊರುವ ಭಾಗಗಳನ್ನು ಸರಿಪಡಿಸುವುದು, ಹೊರಗಿನ ತಗಡನ್ನು ಕೊನೆಗೆ ಮುಟ್ಟುವುದು. ಹೆಚ್ಚಿನ ಗ್ಯಾರೇಜುಗಳಲ್ಲಿ ಈ ಕ್ರಮ ತಲೆಕೆಳಗಾಗಿ ನಡೆಯುತ್ತದೆ, ಏಕೆಂದರೆ ಮಾಲೀಕರ ಕಣ್ಣಿಗೆ ಬೀಳುವುದು ಹೊರಗಿನ ತಗಡು ಮಾತ್ರ.

ನೀರು ಎಲ್ಲಿಂದ ಬರುತ್ತದೆ

ಮಂಗಳೂರು, ಉಡುಪಿ, ಕಾರವಾರದ ಕಾರುಗಳಿಗೂ ಬೆಂಗಳೂರು, ಮೈಸೂರಿನ ಕಾರುಗಳಿಗೂ ತುಕ್ಕಿನ ವಿಷಯದಲ್ಲಿ ದೊಡ್ಡ ಅಂತರವಿದೆ. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವುದು ಒಂದು ಕಾರಣವಾದರೆ, ಕಡಲ ಗಾಳಿಯಲ್ಲಿರುವ ಉಪ್ಪು ಇನ್ನೊಂದು. ಉಪ್ಪು ಬೆರೆತ ತೇವದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕು ಹಿಡಿಯುವುದು ಮೂಲತಃ ವಿದ್ಯುತ್-ರಾಸಾಯನಿಕ ಕ್ರಿಯೆಯಾದ್ದರಿಂದ ಅದರ ವೇಗ ಹೆಚ್ಚುತ್ತದೆ. ಬಯಲುಸೀಮೆಯ ಕಾರು ಎಂದಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ವರ್ಷಗಟ್ಟಲೆ ಮರದಡಿ ನಿಂತ ಕಾರಿನಲ್ಲಿ, ಮುಂದಿನ ಗಾಜಿನ ಕೆಳಗೆ ಗಾಳಿ ಒಳಬರುವ ಜಾಗದಲ್ಲಿ ತರಗೆಲೆ ಕೊಳೆತು, ನೀರು ಇಳಿಯುವ ದಾರಿ ಕಟ್ಟಿ, ಕಾಲಿಡುವ ಜಾಗದ ಫ್ಲೋರ್ ತೂತಾಗುವುದು ಸಾಮಾನ್ಯ.

ದುರಸ್ತಿಗೆ ಮೊದಲು ಒಣಗಿದ ಕಾರಿನ ಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಡುತ್ತ, ಒಳಗೆ ಟಾರ್ಚ್ ಹಿಡಿದು ಇನ್ನೊಬ್ಬರನ್ನು ಕೂರಿಸಿ ನೋಡಿಸಬೇಕು. ಮುಂದಿನ ಮತ್ತು ಹಿಂದಿನ ಗಾಜಿನ ಸುತ್ತಲಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ನೀರು ಮೂಲೆಗಳಿಂದ ಇಳಿದು ಪಿಲ್ಲರಿನ ಬುಡಕ್ಕೆ ಹೋಗುತ್ತದೆ. ಬಾಗಿಲಿನ ಗಾಜಿನ ಪಕ್ಕದ ಪಟ್ಟಿ ಸವೆದಿದ್ದರೆ ಬಾಗಿಲಿನ ಹೊಟ್ಟೆಯೊಳಗೆ ನೀರು ಸೇರುತ್ತದೆ. ಅದು ಹೊರಹೋಗಲೆಂದೇ ಬಾಗಿಲಿನ ಕೆಳ ಅಂಚಿನಲ್ಲಿ ಚಿಕ್ಕ ತೂತುಗಳಿರುತ್ತವೆ, ಆದರೆ ಹಳೆಯ ಪೇಂಟು, ಮಣ್ಣು, ಯಾರೋ ಬಳಿದ ಡಾಂಬರು ಅವನ್ನು ಮುಚ್ಚಿರುತ್ತದೆ. ಮುಂದಿನ ಚಕ್ರ ಎರಚುವ ಕೆಸರು ಮಡ್‌ಗಾರ್ಡಿನ ಹಿಂಭಾಗದ ಸಂದಿಯಲ್ಲಿ ಕೂತು ಬೇಸಿಗೆಯವರೆಗೂ ತೇವ ಹಿಡಿದಿರುತ್ತದೆ. ಡಿಕ್ಕಿಯ ರಬ್ಬರ್ ಸೋತರೆ ಸ್ಟೆಪ್ನಿ ಇಡುವ ಜಾಗದಲ್ಲಿ ನೀರು ನಿಲ್ಲುತ್ತದೆ. ಫ್ಲೋರಿನ ಮೇಲೆ ದಪ್ಪ ಸ್ಪಂಜು ಹಾಸಿ ಅದರ ಮೇಲೆ ಮ್ಯಾಟ್ ಹೊಲಿಸುವ ಪದ್ಧತಿ ಬಹಳ ಕಾರುಗಳ ಫ್ಲೋರನ್ನು ಹಾಳು ಮಾಡಿದೆ. ಆ ಸ್ಪಂಜು ಒಮ್ಮೆ ನೆನೆದರೆ ಒಣಗಲು ಅವಕಾಶವೇ ಇಲ್ಲ.

ತಪಾಸಣೆ

ಒಳಗಿನ ಸೀಟು, ಮ್ಯಾಟು, ಬಾಗಿಲಿನ ಪ್ಯಾಡು, ಅಲಂಕಾರದ ಪಟ್ಟಿ ಎಲ್ಲವನ್ನೂ ಬಿಚ್ಚದೆ ತಪಾಸಣೆ ಪೂರ್ತಿಯಾಗುವುದಿಲ್ಲ. ಬಿಚ್ಚಿದ ಪ್ರತಿಯೊಂದು ಸ್ಕ್ರೂವನ್ನೂ ಹೆಸರು ಬರೆದ ಪೊಟ್ಟಣದಲ್ಲಿಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಪದ್ಮಿನಿಯ ಚಿಕ್ಕಪುಟ್ಟ ಕ್ಲಿಪ್ಪುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಈಗ ಹುಡುಕಿದ ತಕ್ಷಣ ಸಿಗುವುದಿಲ್ಲ.

ಆಮೇಲೆ ತೆಳುಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಇಡೀ ಬಾಡಿಯ ಮೇಲೆ ಆಡಿಸಿ. ಗಟ್ಟಿಯಾಗಿ ಕಚ್ಚಿಕೊಳ್ಳುವ ಕಡೆ ತಗಡಿದೆ. ಸಡಿಲವಾಗಿ ಜಾರುವ ಕಡೆ ದಪ್ಪ ಪುಟ್ಟಿ ಇದೆ, ಇಲ್ಲವೇ ಫೈಬರ್ ತುಂಡನ್ನು ಅಂಟಿಸಿ ಮುಚ್ಚಲಾಗಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಒಳ್ಳೆಯ ತಗಡು ಖಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನ ತುದಿಯನ್ನು ಗಟ್ಟಿಯಾಗಿ ಒತ್ತಬೇಕು. ತೂತು ಬೀಳುತ್ತದೆಂದು ಹಿಂಜರಿಯುವುದರಲ್ಲಿ ಅರ್ಥವಿಲ್ಲ. ಕೈಯೊತ್ತಡಕ್ಕೆ ತೂತಾಗುವ ತಗಡು ಅಲ್ಲಿ ಇದ್ದೂ ಇಲ್ಲದಂತೆ. ರನ್ನಿಂಗ್ ಬೋರ್ಡಿನ ಎರಡೂ ತುದಿ, ಜಾಕ್ ಕೊಡುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ ಬಾಡಿಗೆ ಸೇರುವ ಕಡೆ, ಬಾಗಿಲಿನ ಕೀಲು ಕೂರುವ ಪಿಲ್ಲರಿನ ಬುಡ, ಬ್ಯಾಟರಿ ತಟ್ಟೆಯ ಅಡಿ, ಹೆಡ್‌ಲೈಟ್ ಬಟ್ಟಲಿನ ಹಿಂಭಾಗ: ಇವಿಷ್ಟನ್ನೂ ಕೆಳಗೆ ಮಲಗಿ, ಕೈ ಹಾಕಿ ನೋಡಲೇಬೇಕು.

ಕಂಡದ್ದನ್ನು ಸೀಮೆಸುಣ್ಣದಿಂದ ಮೂರು ಬಗೆಯಾಗಿ ಗುರುತಿಸಿ. ವೈರ್ ಬ್ರಷ್ಷಿಗೆ ಹೋಗಿ ಅಡಿಯಲ್ಲಿ ಹೊಳೆಯುವ ಲೋಹ ಕಾಣುವುದು ಮೇಲ್ಮೈ ತುಕ್ಕು. ಉಜ್ಜಿದ ಮೇಲೂ ಕಪ್ಪು ಕುಳಿಗಳು ಉಳಿದರೆ ಅದು ಆಳಕ್ಕಿಳಿದ ತುಕ್ಕು; ಅಲ್ಲಿ ತಗಡಿನ ದಪ್ಪ ಎಷ್ಟು ಉಳಿದಿದೆ ಎಂಬುದನ್ನು ನೋಡಿ ನಿರ್ಧರಿಸಬೇಕು. ತೂತಾದದ್ದು, ಪದರ ಪದರವಾಗಿ ಏಳುವಂಥದ್ದು, ಒತ್ತಿದರೆ ಬಾಗುವಂಥದ್ದು ಮೂರನೆಯ ಬಗೆ, ಅದಕ್ಕೆ ಕತ್ತರಿಸಿ ಹೊಸ ತಗಡು ಕೂರಿಸುವುದೊಂದೇ ಮದ್ದು. ಭಾರ ಹೊರುವ ಭಾಗದಲ್ಲಿ ಎರಡನೆಯ ಬಗೆಯನ್ನೂ ಮೂರನೆಯದೆಂದೇ ಎಣಿಸುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಐವತ್ತು ವರ್ಷ ದಾಟಿದ ಕಾರಿನ ಮಾಲೀಕರು ಇನ್ನೊಂದು ವಿಷಯವನ್ನು ಗಮನಿಸಬೇಕು. 2021ರಲ್ಲಿ ಕೇಂದ್ರ ಸರಕಾರ ತಂದ ವಿಂಟೇಜ್ ವಾಹನ ನೋಂದಣಿ ನಿಯಮದ ಪ್ರಕಾರ ಕಾರು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಕೊಳೆತ ತಗಡಿಗೆ ಅದೇ ಆಕಾರದ ತಗಡು ಕೂರಿಸುವುದು ಒಂದು, ಆಕಾರವನ್ನೇ ಬದಲಿಸುವುದು ಇನ್ನೊಂದು. ಕೆಲಸದ ಮೊದಲೂ ನಡುವೆಯೂ ಚಿತ್ರ ತೆಗೆದಿಡಿ, ಚಾಸಿ ನಂಬರ್ ಕೆತ್ತಿದ ಜಾಗದ ಹತ್ತಿರ ಗ್ರೈಂಡರ್ ಒಯ್ಯಬೇಡಿ.

ಬೇಕಾಗುವ ಸಾಮಾನು ಮತ್ತು ಎಚ್ಚರಿಕೆ

ತಗಡಿಗೆ ಸಿ.ಆರ್. ಶೀಟ್, ಅಂದರೆ ತಣ್ಣಗೆ ಉರುಳಿಸಿದ ಉಕ್ಕಿನ ಹಾಳೆ, ಸೂಕ್ತ. ಹೊರ ಭಾಗಗಳಿಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ್ದು ಸಾಕು, ಜಾಕ್ ಕೊಡುವ ಜಾಗ, ರನ್ನಿಂಗ್ ಬೋರ್ಡಿನ ಒಳ ತಗಡು ಮುಂತಾದ ಕಡೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ಇರಲಿ. ನಿಮ್ಮ ಕಾರಿನದೇ ಒಳ್ಳೆಯ ತಗಡಿನ ಅಂಚನ್ನು ಕ್ಯಾಲಿಪರಿನಿಂದ ಅಳೆದು ನೋಡಿ ಕೊಳ್ಳುವುದು ಇನ್ನೂ ಉತ್ತಮ. ತುಕ್ಕು ಹಿಡಿಯುವುದಿಲ್ಲವೆಂದು ಸತುವು ಲೇಪಿಸಿದ ಜಿ.ಐ. ಶೀಟ್ ತರುವವರಿದ್ದಾರೆ. ವೆಲ್ಡ್ ಮಾಡುವಾಗ ಸತುವಿನ ಹೊಗೆಯಿಂದ ಚಳಿಜ್ವರ ಬಂದಂತಾಗುತ್ತದೆ, ವೆಲ್ಡೂ ತೂತುತೂತಾಗುತ್ತದೆ, ಬೇಡ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯನ್ನು ಬಿಚ್ಚಿ ಹೊರಗಿಡಿ, ಡೈನಮೋ ಅಥವಾ ಆಲ್ಟರ್ನೇಟರಿನ ವೈರುಗಳನ್ನು ಕಳಚಿ. ಕಾರಿನ ಹಿಂಭಾಗದಲ್ಲಿ ಕೆಲಸವಿದ್ದರೆ ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಇಳಿಸಿ ದೂರ ಇಡಬೇಕು. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಸಿಡಿಯುವುದು ಅದರಲ್ಲಿ ಉಳಿದ ಆವಿ. ಫ್ಲೋರಿಗೆ ಸದ್ದು ತಡೆಯಲು ಅಂಟಿಸಿರುವ ಡಾಂಬರಿನ ಹಾಳೆಗಳು ಬಿಸಿಗೆ ಹೊತ್ತಿಕೊಳ್ಳುತ್ತವೆ, ಅವನ್ನು ಕೆರೆದು ತೆಗೆಯಿರಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ತಗಡನ್ನು ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಒರೆಸಲು ಅಸಿಟೋನ್ ಬಳಸಿ, ಪೂರ್ತಿ ಆರಿದ ಮೇಲಷ್ಟೇ ಕಿಡಿ ಹಾರಿಸಿ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದಾದ್ದರಿಂದ ಉಜ್ಜುವಾಗ ಒಳ್ಳೆಯ ಮಾಸ್ಕ್ ಇರಲಿ, ಮಕ್ಕಳು ಓಡಾಡುವ ಅಂಗಳದಲ್ಲಿ ಈ ಕೆಲಸ ಮಾಡಬೇಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಬೇಕು; ಕೊನೆಯ ವೆಲ್ಡ್ ಆದ ಮೇಲೂ ಒಂದು ಗಂಟೆ ಕಾರಿನ ಬಳಿಯೇ ಇದ್ದು, ಎಲ್ಲಿಯಾದರೂ ಹೊಗೆಯಾಡುತ್ತಿದೆಯೇ ಎಂದು ನೋಡಬೇಕು.

ತೂತಾಗದ ತುಕ್ಕಿಗೆ ಚಿಕಿತ್ಸೆ

ಮೇಲ್ಮೈ ತುಕ್ಕನ್ನು ವೈರ್ ಬ್ರಷ್, ಗ್ರೈಂಡರಿಗೆ ಹಾಕುವ ಫ್ಲಾಪ್ ಡಿಸ್ಕ್, ಎಮರಿ ಪೇಪರುಗಳಿಂದ ಹೊಳೆಯುವ ಲೋಹದವರೆಗೆ ಉಜ್ಜಿದರೆ ಮುಗಿಯಿತು. ಕುಳಿಬಿದ್ದ ಕಡೆ ಗ್ರೈಂಡರಿನಿಂದಲೇ ತೆಗೆಯಲು ಹೋದರೆ ತಗಡು ತೆಳುವಾಗುತ್ತದೆ. ಅಲ್ಲಿ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿ, ಸ್ವಲ್ಪ ಹೊತ್ತು ಒದ್ದೆಯಾಗಿಯೇ ಇಟ್ಟು, ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ತೊಳೆದ ತಕ್ಷಣ ಬಿಸಿಗಾಳಿಯಿಂದ ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು. ಆಮ್ಲದ ಅಂಶ ಉಳಿದಿದ್ದರೆ ಅದರ ಮೇಲೆ ಎಪಾಕ್ಸಿ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ. ತುಕ್ಕನ್ನು ಕಪ್ಪಾಗಿಸುವ ಟ್ಯಾನಿಕ್ ಆಮ್ಲದ ದ್ರಾವಣಗಳು ಕೈ ಎಟುಕದ ಸಂದಿಗಳಿಗೆ ಸರಿ, ಕೈ ಎಟುಕುವ ಕಡೆ ಅವು ಉಜ್ಜುವ ಕೆಲಸಕ್ಕೆ ಬದಲಿಯಲ್ಲ.

ಕೀಲು, ಬ್ರಾಕೆಟ್, ಬಂಪರಿನ ಒಳಪಟ್ಟಿಯಂಥ ಬಿಡಿ ಭಾಗಗಳಿಗೆ ಕಾಕಂಬಿ ಬಹಳ ಒಳ್ಳೆಯ ಉಪಾಯ. ದನಗಳ ಮೇವಿಗೆ ಬೆರೆಸುವ ಕಾಕಂಬಿ ಒಂದು ಪಾಲಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ, ಜಿಡ್ಡು ತೆಗೆದ ಭಾಗಗಳನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಳುಗಿಸಿಟ್ಟರೆ, ಎರಡು ಮೂರು ವಾರಗಳಲ್ಲಿ ತುಕ್ಕು ಬಿಟ್ಟುಕೊಂಡು ಬೂದುಬಣ್ಣದ ಲೋಹ ಉಳಿಯುತ್ತದೆ. ಇದು ಒಳ್ಳೆಯ ಉಕ್ಕನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ, ಆದರೆ ಅಲ್ಯೂಮಿನಿಯಂ ಮತ್ತು ಸತುವಿನ ಭಾಗಗಳನ್ನು ತಿನ್ನುತ್ತದೆ. ವಾಸನೆ ಜೋರಾಗಿರುವುದರಿಂದ ಡ್ರಮ್ಮಿಗೆ ಮುಚ್ಚಳ ಹಾಕಿ ಮನೆಯಿಂದ ದೂರ ಇಡಿ.

ರನ್ನಿಂಗ್ ಬೋರ್ಡ್

ಪದ್ಮಿನಿಯ ತುಕ್ಕಿನ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು ಇದು. ಹೊರ ತಗಡು, ಒಳ ತಗಡು ಎರಡೂ ಸೇರಿ ಬಾಗಿಲುಗಳ ಕೆಳಗೆ ಪೆಟ್ಟಿಗೆಯಾಕಾರದ ತೊಲೆಯಾಗುತ್ತವೆ, ಮುಂದಿನ ಪಿಲ್ಲರಿನಿಂದ ಹಿಂದಿನ ಚಕ್ರದ ಕಮಾನಿನವರೆಗೆ ಬಾಡಿಯನ್ನು ಬಾಗದಂತೆ ಹಿಡಿಯುವುದು ಆ ತೊಲೆಯೇ. ಹೊರ ತಗಡಿನ ಹಿಂತುದಿಯನ್ನು ಕತ್ತರಿಸಿ ತೆರೆದಾಗ ಒಳಗಿಂದ ಕೈತುಂಬ ಕೆಂಪು ಹಕ್ಕಳೆ, ಒಣಮಣ್ಣು, ಕೆಲವೊಮ್ಮೆ ಹಳೆಯ ದುರಸ್ತಿಯಲ್ಲಿ ತುಂಬಿದ ಸಿಮೆಂಟು, ಗೋಣಿಬಟ್ಟೆ ಸುರಿಯುತ್ತದೆ. ಅಲ್ಲಿಗೆ ಕೆಲಸದ ನಿಜವಾದ ಅಳತೆ ತಿಳಿಯುತ್ತದೆ: ಹೊರಗೆ ಬೆರಳಗಲ ತೂತಿದ್ದ ಕಡೆ ಒಳಗೆ ಗೇಣುದ್ದ ತಗಡು ಹೋಗಿರುವುದು ಸಾಮಾನ್ಯ.

ಕತ್ತರಿಸುವ ಮೊದಲು ಬಾಡಿ ಕದಲದಂತೆ ಮಾಡಬೇಕು. ಸಮನಾದ ಸಿಮೆಂಟು ನೆಲದ ಮೇಲೆ, ಕಾರಿನ ಭಾರ ಎಂದಿನಂತೆ ಸಸ್ಪೆನ್ಶನ್ ಮೇಲೆಯೇ ಇರುವಂತೆ ಆಸರೆ ಕೊಟ್ಟು ನಿಲ್ಲಿಸಿ. ಮಧ್ಯಕ್ಕೆ ಜಾಕ್ ಕೊಟ್ಟು ಎತ್ತಿದ ಕಾರಿನಲ್ಲಿ ರನ್ನಿಂಗ್ ಬೋರ್ಡ್ ಕತ್ತರಿಸಿದರೆ ಬಾಡಿ ಬಾಗಿ, ಹೊಸ ತಗಡು ಆ ಬಾಗನ್ನೇ ಶಾಶ್ವತವಾಗಿ ಹಿಡಿದಿಡುತ್ತದೆ. ಆಮೇಲೆ ಬಾಗಿಲುಗಳು ಎಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಬಾಗಿಲು ಮುಚ್ಚಿದಾಗ ಸುತ್ತಲೂ ಉಳಿಯುವ ಸಂದಿಯನ್ನು ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ನಂತರ ಬಾಗಿಲು ಕಳಚಿ, ಮುಂದಿನ ಪಿಲ್ಲರಿನಿಂದ ಮಧ್ಯದ ಪಿಲ್ಲರಿಗೆ, ಅಲ್ಲಿಂದ ಹಿಂದಿನದಕ್ಕೆ ಚೌಕ ಪೈಪುಗಳನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ ಬಿಗಿಯಬೇಕು. ಒಂದು ಪಕ್ಕ ಪೂರ್ತಿ ಮುಗಿದು, ಬಾಗಿಲು ಹಾಕಿ ನೋಡಿ, ಸಂದಿ ಬರೆದಿಟ್ಟಷ್ಟೇ ಇದೆ ಎಂದು ಖಾತ್ರಿಯಾಗುವವರೆಗೆ ಇನ್ನೊಂದು ಪಕ್ಕವನ್ನು ಮುಟ್ಟಬಾರದು.

ಎರಡು ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಬೆಸೆಯಲು ಕಂಪನಿಯವರು ಹಾಕಿದ ಸ್ಪಾಟ್ ವೆಲ್ಡುಗಳು ಅಂಚಿನ ಉದ್ದಕ್ಕೂ ಚಿಕ್ಕ ಬಿಲ್ಲೆಗಳಾಗಿ ಕಾಣುತ್ತವೆ. ಪೇಂಟು ಉಜ್ಜಿದರೆ ಸ್ಪಷ್ಟವಾಗುತ್ತವೆ. ಪ್ರತಿಯೊಂದರ ನಡುವೆ ಪಂಚ್ ಹೊಡೆದು, 8 ಮಿ.ಮೀ. ಸ್ಪಾಟ್ ವೆಲ್ಡ್ ಕಟರಿನಿಂದ ಮೇಲಿನ ತಗಡನ್ನಷ್ಟೇ ಕೊರೆದು, ತೆಳು ಉಳಿಯಿಂದ ಬಿಡಿಸಿದರೆ ಅಡಿಯ ತಗಡು ಉಳಿದುಕೊಳ್ಳುತ್ತದೆ. ಉಳಿದ ಕಡೆ ತೆಳು ಕಟಿಂಗ್ ಡಿಸ್ಕಿನಿಂದ, ಕಣ್ಣಿಗೆ ಕಾಣುವ ತುಕ್ಕಿನ ಅಂಚಿನಿಂದ ನಾಲ್ಕೈದು ಸೆಂ.ಮೀ. ಆಚೆಗೆ, ಪೂರ್ಣ ದಪ್ಪದ ಗಟ್ಟಿ ತಗಡು ಸಿಗುವ ಕಡೆ ಕತ್ತರಿಸಿ. ಇಲ್ಲಿ ಜಿಪುಣತನ ತೋರಿದರೆ ವೆಲ್ಡ್ ಹಾಕುವಾಗ ಅಂಚು ಕರಗಿ ತೂತು ದೊಡ್ಡದಾಗುತ್ತ ಹೋಗುತ್ತದೆ, ಕೊನೆಗೆ ಅಷ್ಟೇ ಕತ್ತರಿಸಬೇಕಾಗುತ್ತದೆ.

ಹೊಸ ತುಂಡಿಗೆ ಮೊದಲು ರಟ್ಟಿನ ಮಾದರಿ ಮಾಡಬೇಕು. ಹಣ್ಣಿನ ಪೆಟ್ಟಿಗೆಯ ದಪ್ಪ ರಟ್ಟು ಬಾಗಿದ ಕಡೆ ಮುರಿಯುತ್ತದೆ. ಅಂಗಿಯ ಪೆಟ್ಟಿಗೆಯ ತೆಳು ರಟ್ಟು ಒಳ್ಳೆಯದು. ಕತ್ತರಿಸಿದ ಜಾಗಕ್ಕೆ ಅದನ್ನು ಹಿಡಿದು, ಬಾಗುಗಳನ್ನು ಬೆರಳಿನಿಂದ ಒತ್ತಿ ಮಡಚಿ, ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ಕತ್ತರಿಸಿ. ಎದುರು ಪಕ್ಕದ ರನ್ನಿಂಗ್ ಬೋರ್ಡ್ ಚೆನ್ನಾಗಿದ್ದರೆ ಮಾದರಿಯನ್ನು ಮಗುಚಿ ಅಲ್ಲಿಗೆ ಹೊಂದಿಸಿ ನೋಡಿ. ಮಡಚುವ ಗೆರೆಗಳನ್ನೂ ರಟ್ಟಿನ ಮೇಲೆ ಬರೆದುಕೊಂಡು, ಆಮೇಲೆ ತಗಡಿಗೆ ಇಳಿಸಿ. ಉದ್ದನೆಯ ಮಡಿಕೆಗಳನ್ನು ಎರಡು ಆಂಗಲ್ ಪಟ್ಟಿಗಳ ನಡುವೆ ತಗಡನ್ನು ವೈಸಿನಲ್ಲಿ ಬಿಗಿದು, ಮರದ ಸುತ್ತಿಗೆಯಿಂದ ಉದ್ದಕ್ಕೂ ಸ್ವಲ್ಪಸ್ವಲ್ಪವೇ ತಟ್ಟುತ್ತ ಬಗ್ಗಿಸಬೇಕು. ಒಂದೇ ಕಡೆ ಪೂರ್ತಿ ಬಗ್ಗಿಸಿ ಮುಂದೆ ಹೋದರೆ ಅಂಚು ಅಲೆಯಲೆಯಾಗುತ್ತದೆ. ದುಂಡು ಬಾಗು ಬೇಕಾದ ಕಡೆ ಆಂಗಲ್ ಬದಲು ಸೂಕ್ತ ಅಳತೆಯ ನೀರಿನ ಪೈಪ್ ಇಟ್ಟು ಅದರ ಮೇಲೆ ಬಗ್ಗಿಸಿ.

ಮೊದಲು ಒಳ ತಗಡು, ಆಮೇಲೆ ಹೊರ ತಗಡು. ಎರಡು ತಗಡು ಒಂದರ ಮೇಲೊಂದು ಕೂರುವ ಅಂಚುಗಳಲ್ಲಿ ಮೇಲಿನ ತಗಡಿಗೆ ಮೂರು ನಾಲ್ಕು ಸೆಂ.ಮೀ.ಗೆ ಒಂದರಂತೆ 6ರಿಂದ 8 ಮಿ.ಮೀ. ತೂತು ಕೊರೆದು, ಆ ತೂತಿನೊಳಗಿಂದ ಅಡಿಯ ತಗಡಿಗೆ ಹಿಡಿಯುವಂತೆ ಪ್ಲಗ್ ವೆಲ್ಡ್ ಹಾಕಬೇಕು. ಕಂಪನಿಯ ಸ್ಪಾಟ್ ವೆಲ್ಡಿಗೆ ಇದು ಸರಿಯಾದ ಬದಲಿ. ಒಂದರ ಮೇಲೊಂದು ಕೂರುವ ಮೈಗಳಿಗೆ ಮೊದಲೇ ಸತುವಿರುವ ವೆಲ್ಡ್-ಥ್ರೂ ಪ್ರೈಮರ್ ತೆಳುವಾಗಿ ಹೊಡೆಯಿರಿ, ವೆಲ್ಡ್ ಬೀಳುವ ಬಿಂದುವಿನಲ್ಲಿ ಅದನ್ನು ಉಜ್ಜಿ ತೆಗೆಯಿರಿ, ಹೊಗೆ ಮೂಗಿಗೆ ಬಾರದಂತೆ ಗಾಳಿ ಆಡುವ ಕಡೆ ಕೆಲಸ ಮಾಡಿ. ಮುಚ್ಚುವ ಮೊದಲು ಪೆಟ್ಟಿಗೆಯ ಒಳಗನ್ನೆಲ್ಲ ಸ್ವಚ್ಛ ಮಾಡಿ ಎಪಾಕ್ಸಿ ಪ್ರೈಮರ್ ಬಳಿಯಬೇಕು. ನೀರು ಹೊರಹೋಗುವ ತೂತುಗಳು ಹಳೆಯ ತಗಡಿನಲ್ಲಿ ಎಲ್ಲಿದ್ದವೋ ಅಲ್ಲೇ ಹೊಸದರಲ್ಲೂ ಇರಬೇಕು.

ಹೊರ ತಗಡು: ಅಂಚಿಗೆ ಅಂಚು

ಬಾಗಿಲಿನ ಕೆಳಭಾಗ, ಮಡ್‌ಗಾರ್ಡಿನ ಹಿಂತುದಿ, ಚಕ್ರದ ಕಮಾನು ಇವುಗಳಲ್ಲಿ ಹಳೆಯ ತಗಡಿನ ಮೇಲೆ ಹೊಸದನ್ನು ಹೇರಿ ವೆಲ್ಡ್ ಮಾಡುವುದು ರೂಢಿಯಲ್ಲಿದೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಎರಡರ ನಡುವಿನ ಸಂದಿಯಲ್ಲಿ ನೀರು ನಿಂತು ಹೊಸ ತುಕ್ಕಿಗೆ ಮನೆಯಾಗುತ್ತದೆ, ಹೊರಗಿನ ಉಬ್ಬನ್ನು ಮುಚ್ಚಲು ದಪ್ಪ ಪುಟ್ಟಿ ಬೇಕಾಗುತ್ತದೆ. ಅಂಚಿಗೆ ಅಂಚು ಕೂರಿಸಿ ವೆಲ್ಡ್ ಮಾಡುವುದೇ ಸರಿಯಾದ ವಿಧಾನ. ತುಂಡಿನ ಮೂಲೆಗಳನ್ನು ದುಂಡಗೆ ಕತ್ತರಿಸಿ, ಏಕೆಂದರೆ ಚೂಪು ಮೂಲೆಯಲ್ಲಿ ಬಿಸಿ ಒಟ್ಟಾಗಿ ತಗಡು ಸೊಟ್ಟಗಾಗುತ್ತದೆ, ಬಿರುಕೂ ಅಲ್ಲಿಂದಲೇ ಶುರುವಾಗುತ್ತದೆ. ಸುತ್ತಲೂ ಒಂದು ಮಿ.ಮೀ.ಗಿಂತ ಕಡಿಮೆ ಸಂದಿ ಉಳಿಯುವಂತೆ ಅರದಿಂದ ತಿದ್ದಿ, ಕ್ಲ್ಯಾಂಪಿನಿಂದಲೋ ಅಯಸ್ಕಾಂತದಿಂದಲೋ ಹಿಡಿದು, ಕೈಯಾಡಿಸಿದರೆ ಎರಡೂ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಳ್ಳಿ.

ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗಿಗೆ 0.6 ಮಿ.ಮೀ. ತಂತಿ ಸಿಕ್ಕರೆ ಒಳ್ಳೆಯದು, 0.8 ಕೂಡ ನಡೆಯುತ್ತದೆ. ಬರೀ ಕಾರ್ಬನ್ ಡೈಆಕ್ಸೈಡ್ ಅನಿಲಕ್ಕಿಂತ, ಮುಕ್ಕಾಲು ಪಾಲಿಗೂ ಮೇಲೆ ಆರ್ಗಾನ್ ಇರುವ ಮಿಶ್ರಣದಲ್ಲಿ ತೆಳು ತಗಡಿಗೆ ಬಿಸಿ ಹಿಡಿತದಲ್ಲಿರುತ್ತದೆ, ಕಿಡಿ ಸಿಡಿಯುವುದೂ ಕಡಿಮೆ. ಕಾರಿಗೆ ಕೈ ಹಾಕುವ ಮೊದಲು ಅದೇ ದಪ್ಪದ ಚೂರುಗಳ ಮೇಲೆ ಪ್ರಯೋಗ ಮಾಡಿ, ಹಿಂಬದಿಯಲ್ಲೂ ವೆಲ್ಡ್ ಕರಗಿ ಕಾಣಿಸುವವರೆಗೆ ಕರೆಂಟು ಹೊಂದಿಸಿಕೊಳ್ಳಿ. ಆಮೇಲೆ ಎರಡೂವರೆ ಸೆಂ.ಮೀ. ಅಂತರದಲ್ಲಿ ಚುಕ್ಕೆ ಚುಕ್ಕೆಯಾಗಿ ಹಿಡಿಸುತ್ತ ಹೋಗಬೇಕು: ಒಂದು ಮೂಲೆಯಲ್ಲಿ ಒಂದು ಚುಕ್ಕೆ, ಮುಂದಿನದು ಎದುರು ಮೂಲೆಯಲ್ಲಿ, ಅದರ ಮುಂದಿನದು ನಡುವೆ. ಹಾಕಿದ ಜಾಗವನ್ನು ಬರಿಗೈಯಲ್ಲಿ ಮುಟ್ಟುವಂತಾದ ಮೇಲಷ್ಟೇ ಅದರ ಪಕ್ಕದ ಚುಕ್ಕೆ ಹಾಕಬೇಕು. ಒಂದೇ ಸಮನೆ ಗೆರೆ ಎಳೆದಂತೆ ವೆಲ್ಡ್ ಹಾಕಿದರೆ, ಬಿಸಿಯಾದ ತಗಡು ಆರುವಾಗ ಕುಗ್ಗಿ ಸುತ್ತಲಿನ ಬಾಗಿಲೆಲ್ಲ ಅಲೆಯಾಗುತ್ತದೆ, ಮತ್ತು ಅದನ್ನು ಸರಿಪಡಿಸುವುದು ತುಕ್ಕು ತೆಗೆಯುವುದಕ್ಕಿಂತ ಕಷ್ಟ. ವೆಲ್ಡನ್ನು ಫ್ಲಾಪ್ ಡಿಸ್ಕಿನಿಂದ ಸಮ ಮಾಡಿದ ಮೇಲೆ, ಒಳಗಿನಿಂದ ಡಾಲಿ, ಅಂದರೆ ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ, ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ವೆಲ್ಡಿನ ಗೆರೆಯ ಮೇಲೆಯೇ ಮೆಲ್ಲಗೆ ಬಡಿದರೆ, ಕುಗ್ಗಿದ ತಗಡು ಹಿಗ್ಗಿ ತನ್ನ ಜಾಗಕ್ಕೆ ಬರುತ್ತದೆ.

ನಮ್ಮ ಊರುಗಳ ಹಿರಿಯ ಟಿಂಕರುಗಳು ಇದೇ ಕೆಲಸವನ್ನು ಗ್ಯಾಸ್ ವೆಲ್ಡಿಂಗಿನಲ್ಲಿ ಮಾಡುತ್ತಾರೆ. ಆಕ್ಸಿಜನ್-ಅಸಿಟಿಲಿನ್ ಜ್ವಾಲೆ ಹೆಚ್ಚು ಅಗಲಕ್ಕೆ ಬಿಸಿ ಹಬ್ಬಿಸುವುದು ನಿಜ, ಆದರೆ ಅದರ ವೆಲ್ಡ್ ಮೆತ್ತಗಿದ್ದು ಸುತ್ತಿಗೆಗೆ ಚೆನ್ನಾಗಿ ಬಗ್ಗುತ್ತದೆ. ಮಿಗ್ ವೆಲ್ಡ್ ಗಡುಸು. ಬಿಸಿ ಇರುವಾಗಲೇ ಬಡಿದು ಸಮ ಮಾಡುವ ಕೈಚಳಕವುಳ್ಳ ಟಿಂಕರ್ ನಿಮ್ಮ ಹತ್ತಿರವಿದ್ದರೆ, ಯಂತ್ರ ಹಳೆಯದೆಂದು ಅವರನ್ನು ಬಿಟ್ಟು ಬೇರೆ ಕಡೆ ಹೋಗಬೇಡಿ. ತಗಡಿನ ಮೇಲೆ ಅಂಗೈ ಸವರಿಯೇ ಉಬ್ಬುತಗ್ಗು ಹೇಳಬಲ್ಲ ಅಂಥವರು ಈಗ ವಿರಳರಾಗುತ್ತಿದ್ದಾರೆ, ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಕಲಿಯುವುದೂ ಸಾಧ್ಯ.

ಫ್ಲೋರಿನಲ್ಲಿ ಅಂದದ ಪ್ರಶ್ನೆ ಇಲ್ಲದಿರುವುದರಿಂದ ಅಂಚು ಹೇರಿ ಪ್ಲಗ್ ವೆಲ್ಡ್ ಮಾಡಬಹುದು. ಆದರೆ ಮೇಲೂ ಕೆಳಗೂ ಎರಡೂ ಕಡೆ ಸಂದಿ ಮುಚ್ಚುವ ಸೀಲರ್ ಬಳಿಯುವುದು ಕಡ್ಡಾಯ, ಮತ್ತು ಮೂಲ ತಗಡಿನಲ್ಲಿದ್ದ ಏಣುಗಳನ್ನು ಹೊಸದರಲ್ಲೂ ಮೂಡಿಸಬೇಕು. ಚಪ್ಪಟೆ ತಗಡು ಕಾಲಿಟ್ಟಾಗಲೆಲ್ಲ ಸದ್ದು ಮಾಡುತ್ತದೆ.

ಪ್ರೈಮರ್, ಪುಟ್ಟಿ, ಬಣ್ಣ

ಈ ಹಂತಕ್ಕೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣ ತಿಂಗಳುಗಳು ಉತ್ತಮ. ಬರಿ ತಗಡಿನ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂತಿದ್ದರೆ ಎಂಥ ಪ್ರೈಮರೂ ಪ್ರಯೋಜನವಿಲ್ಲ. ಕರಾವಳಿಯವರು ಬೆಳಗ್ಗೆ ಬೇಗ ಹಚ್ಚುವುದನ್ನು ಬಿಟ್ಟು ಬಿಸಿಲೇರಿದ ಮೇಲೆ, ನೆರಳಿನಲ್ಲಿ ಹಚ್ಚಬೇಕು.

ತಗಡಿನ ಜಿಡ್ಡು ಒರೆಸಿ, 80ರ ಎಮರಿ ಪೇಪರಿನಿಂದ ಗೀರು ಮೂಡಿಸಿ, ಮೊದಲು ಎರಡು ಕೋಟು ಎಪಾಕ್ಸಿ ಪ್ರೈಮರ್. ಅಗ್ಗವೆಂದು ಗೇಟು ಕಿಟಕಿಗಳಿಗೆ ಬಳಿಯುವ ರೆಡ್ ಆಕ್ಸೈಡ್ ಹಚ್ಚಿ ನಿಲ್ಲಿಸಬೇಡಿ. ಎಪಾಕ್ಸಿಯಂತೆ ಅದು ತೇವವನ್ನು ತಡೆಯುವುದಿಲ್ಲ. ಎಪಾಕ್ಸಿ ಗಟ್ಟಿಯಾದ ಮೇಲೆ ಎಲ್ಲ ಸಂದುಗಳಿಗೂ ಸೀಮ್ ಸೀಲರ್ ಹಾಕಿ ಬೆರಳಿನಿಂದ ಒತ್ತಿ. ಪಾಲಿಯೆಸ್ಟರ್ ಪುಟ್ಟಿಯನ್ನು ಈ ಎಪಾಕ್ಸಿಯ ಮೇಲೆಯೇ ಹಚ್ಚಬೇಕು, ದಪ್ಪ ಎರಡು ಮೂರು ಮಿ.ಮೀ. ದಾಟಬಾರದು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ತಗಡಿನ ಕೆಲಸ ಇನ್ನೂ ಮುಗಿದಿಲ್ಲ, ಸುತ್ತಿಗೆ ಡಾಲಿಗೆ ಹಿಂದಿರುಗಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪುಟ್ಟಿಯನ್ನು ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜುವ ಅಭ್ಯಾಸ ನಮ್ಮ ಪೇಂಟಿಂಗ್ ಶಾಪುಗಳಲ್ಲಿ ಆಳವಾಗಿ ಬೇರೂರಿದೆ. ಧೂಳು ಏಳುವುದಿಲ್ಲ, ಕೆಲಸ ನಯವಾಗುತ್ತದೆ ಎಂಬುದು ಅದಕ್ಕೆ ಕಾರಣ. ಆದರೆ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಆ ನೀರು ಪೇಂಟಿನಡಿ ಸಿಕ್ಕಿಕೊಂಡು ಒಳಗಿನಿಂದಲೇ ಗುಳ್ಳೆ ಏಳಿಸುತ್ತದೆ. ಇಷ್ಟೆಲ್ಲ ಶ್ರಮಪಟ್ಟು ತುಕ್ಕು ತೆಗೆದ ಮೇಲೆ ಪೇಂಟರಿನ ಬಕೆಟ್ಟಿನಿಂದ ಅದನ್ನು ಮತ್ತೆ ಒಳಗೆ ಬಿಡಬಾರದು. ಪುಟ್ಟಿಯನ್ನು ಒಣಗಿದ್ದಾಗಲೇ, ಮರದ ಹಲಗೆಗೆ ಪೇಪರ್ ಕಟ್ಟಿ, 80, 180, 320ರ ಕ್ರಮದಲ್ಲಿ ಉಜ್ಜಿಸಿ. ಧೂಳಿಗೆ ಮಾಸ್ಕ್ ಇದೆ. ಮೇಲೆ ಟು-ಕೆ ಸರ್ಫೇಸರ್, ಅಂದರೆ ಗಟ್ಟಿಕಾರಕ ಬೆರೆಸುವ ದಪ್ಪ ಪ್ರೈಮರ್, ಹೊಡೆದು ಪೂರ್ತಿ ಗಟ್ಟಿಯಾದ ಮೇಲೆ ಬೇಕಾದರೆ ನೀರು ಹಾಕಿ ಉಜ್ಜಬಹುದು. ಕಾರನ್ನು ಪೇಂಟರಿಗೆ ಒಪ್ಪಿಸುವ ಮೊದಲೇ ಈ ಷರತ್ತನ್ನು ಸ್ಪಷ್ಟವಾಗಿ ಹೇಳಿ, ಸಾಧ್ಯವಾದರೆ ಉಜ್ಜುವ ದಿನ ಅಲ್ಲಿರಿ.

ಗಟ್ಟಿಕಾರಕ ಬೆರೆಸುವ ಪಿ.ಯು. (ಪಾಲಿಯುರೆಥೇನ್) ಪೇಂಟುಗಳಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಸಾಮಾನ್ಯ ಬಟ್ಟೆಯ ಮಾಸ್ಕ್ ಸಾಲದು, ಹೊರಗಿನ ಗಾಳಿ ಪೂರೈಸುವ ಮುಖವಾಡ ಬೇಕು. ಅಂಥ ವ್ಯವಸ್ಥೆ ಇಲ್ಲದವರು ಪ್ರೈಮರಿನವರೆಗೆ ಮನೆಯಲ್ಲಿ ಮಾಡಿ, ಬಣ್ಣವನ್ನು ಪೇಂಟ್ ಬೂತ್ ಇರುವ ಕಡೆ ಮಾಡಿಸುವುದು ಲೇಸು.

ಒಳಗಿನ ಮೇಣ

ಬಣ್ಣವಾಗಿ ಎರಡು ವಾರ ಕಳೆದ ಮೇಲೆ, ವೆಲ್ಡಿನ ಬಿಸಿಗೆ ಒಳಗಿನ ಪ್ರೈಮರ್ ಸುಟ್ಟುಹೋದ ಜಾಗಗಳನ್ನು ಕಾಯುವ ಕೆಲಸ ಉಳಿದಿರುತ್ತದೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಕ್ಯಾವಿಟಿ ವ್ಯಾಕ್ಸ್ ಎಂಬ ತೆಳು ಮೇಣವನ್ನು ಉದ್ದ ನಳಿಕೆಯ ಗನ್ನಿನಿಂದ, ನೀರು ಹೋಗುವ ತೂತುಗಳ ಮೂಲಕ ರನ್ನಿಂಗ್ ಬೋರ್ಡು, ಪಿಲ್ಲರಿನ ಬುಡ, ಬಾಗಿಲಿನ ಹೊಟ್ಟೆ, ಬಾನೆಟ್ ಮತ್ತು ಡಿಕ್ಕಿ ಮುಚ್ಚಳದ ಅಂಚುಗಳಿಗೆ ಸಿಂಪಡಿಸಬೇಕು. ನಳಿಕೆಯನ್ನು ಕೊನೆಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತ ಸಿಂಪಡಿಸಿದರೆ ಎಲ್ಲ ಕಡೆ ತಲಪುತ್ತದೆ. ತೂತುಗಳಿಂದ ಮೇಣ ತೊಟ್ಟಿಕ್ಕತೊಡಗಿದರೆ ಸಾಕಷ್ಟಾಗಿದೆ ಎಂದರ್ಥ. ಮರುದಿನ ತಂತಿ ಹಾಕಿ ತೂತುಗಳನ್ನು ಬಿಡಿಸಿ. ಕಾರಿನಡಿಗೆ ದಪ್ಪ ಡಾಂಬರಿನ ಲೇಪ ಹಾಕಿಸುವವರು ಬಹಳ. ಅದು ವರ್ಷಗಳಲ್ಲಿ ಗಡುಸಾಗಿ ಬಿರಿದು, ಬಿರುಕಿನೊಳಗೆ ನೀರು ಹಿಡಿದು, ತುಕ್ಕನ್ನು ಮರೆಯಲ್ಲೇ ಬೆಳೆಸುತ್ತದೆ. ಮೆತ್ತಗೇ ಉಳಿಯುವ ಮೇಣದ ಲೇಪ ಹಾಕಿಸಿ, ಸ್ಪ್ರಿಂಗಿನ ಸುತ್ತ ಮತ್ತು ಚಕ್ರದ ಕಮಾನುಗಳಲ್ಲಿ ಅದು ತೊಳೆದುಹೋಗಿದ್ದರೆ ವರ್ಷಕ್ಕೊಮ್ಮೆ ಮತ್ತೆ ಹಚ್ಚಿ.

ಮೇ ತಿಂಗಳ ಕೊನೆಯಲ್ಲಿ, ಮುಂಗಾರು ಇಳಿಯುವ ಮೊದಲು, ಕಾರನ್ನು ಅಡಿಯಿಂದ ತೊಳೆದು, ಬಾಗಿಲು ಮತ್ತು ರನ್ನಿಂಗ್ ಬೋರ್ಡಿನ ತೂತುಗಳಿಗೆ ತಂತಿ ಹಾಕಿ, ಮುಂದಿನ ಗಾಜಿನಡಿಯ ತರಗೆಲೆ ತೆಗೆದು, ರಬ್ಬರುಗಳನ್ನು ಒತ್ತಿ ನೋಡಿ. ಕಾರು ಓಡಿಸದೆ ನಿಲ್ಲಿಸಿಡುವುದಾದರೆ ಪ್ಲಾಸ್ಟಿಕ್ ಹೊದಿಕೆಯಿಂದ ಬಿಗಿಯಾಗಿ ಮುಚ್ಚದೆ, ಗಾಳಿಯಾಡುವ ಹತ್ತಿಯ ಹೊದಿಕೆ ಹಾಕಿ, ಸೂರಿನಡಿ ಕಿಟಕಿಯ ಗಾಜನ್ನು ಬೆರಳಗಲ ಇಳಿಸಿಡಿ. ಮಳೆ ನಿಂತ ಅಕ್ಟೋಬರಿನಲ್ಲಿ ಮ್ಯಾಟುಗಳನ್ನೆಲ್ಲ ಎತ್ತಿ ಬಿಸಿಲಿಗೆ ಹಾಕಿ, ಫ್ಲೋರನ್ನು ಬರಿಗೈಯಿಂದ ಸವರಿ ತೇವವಿದೆಯೇ ಎಂದು ಪರೀಕ್ಷಿಸಿ. ತೇವ ಸಿಕ್ಕ ಕಡೆಯಿಂದ ಮೇಲಕ್ಕೆ ಅದರ ಜಾಡು ಹಿಡಿದು ಹೋದರೆ ಸೋರುವ ಜಾಗ ಅಂದೇ ಗೊತ್ತಾಗುತ್ತದೆ.